‘ಬೇರೆ ಔಷಧಿ ಏನೂ ಇಲ್ಲ’ ಅಂದಿದ್ದೆ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಆರೋಗ್ಯ ಪುಟವನ್ನು ತಪ್ಪದೆ ಓದುವವಳು ನಾನು. ಮುಟ್ಟಿನ ಹೊಟ್ಟೆನೋವಿಗೆ ಒಂದು ಕಷಾಯ, ಗರ್ಭ ನಿಲ್ಲಲು ಒಂದು ಚೂರ್ಣ, ಎದೆಹಾಲಿಗೆ ಇನ್ಯಾವುದೋ ಬೇರು ಅಂತ ಆಗಾಗ ಬರುತ್ತದೆ. ಬರಲಿ, ನನ್ನ ತಕರಾರು ಅದಕ್ಕಲ್ಲ. ‘ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಕೇಳಿ’ ಅನ್ನುವ ಒಂದೇ ಒಂದು ಸಾಲು ಅಲ್ಲಿ ಕಾಣುವುದಿಲ್ಲ, ಅದಕ್ಕೆ.

ನನ್ನದೇ ಕಥೆ ಹೇಳುತ್ತೇನೆ. ಮಗುವಿಗಾಗಿ ಚಿಕಿತ್ಸೆ ಪಡೆಯುತ್ತಿದ್ದಾಗ ನನಗೆ ಥೈರಾಯ್ಡ್ ಕಡಿಮೆ ಇತ್ತು, ದಿನಾ ಬೆಳಿಗ್ಗೆ ಲೆವೊಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದೆ. ಅದರ ಜೊತೆ, ನಿದ್ದೆ ಬರಲಿ, ಟೆನ್ಷನ್ ಇಳಿಯಲಿ ಅಂತ, ಯಾರೋ ಹೇಳಿದ ಅಶ್ವಗಂಧ ಪುಡಿಯನ್ನು ಸುಮ್ನೆ ಶುರು ಮಾಡಿದೆ. ಡಾಕ್ಟರ್ ಕೇಳಿದ್ದರು, “ಬೇರೆ ಏನಾದರೂ ಔಷಧಿ ಇದೆಯಾ?” ಇಲ್ಲ ಅಂದೆ. ಸುಳ್ಳು ಹೇಳಬೇಕು ಅಂತಲ್ಲ. ಪುಡಿಯನ್ನು ನಾನು ಔಷಧಿ ಅಂತ ಲೆಕ್ಕಕ್ಕೇ ಹಿಡಿದಿರಲಿಲ್ಲ. ಮುಂದಿನ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ತೀರಾ ಕೆಳಗೆ ಹೋಗಿತ್ತು. ಥೈರಾಯ್ಡ್ ಹಾರ್ಮೋನು ಜಾಸ್ತಿಯಾದರೆ ಟಿಎಸ್‌ಎಚ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ. ಹಾಗಾಗಿ ಮಾತ್ರೆಯ ಡೋಸ್ ಇಳಿಸಿದರು. ಅಷ್ಟರಲ್ಲಿ ಡಬ್ಬಿ ಖಾಲಿಯಾಗಿ ನಾನೂ ಪುಡಿ ಬಿಟ್ಟಿದ್ದೆ. ಮತ್ತೆ ಪರೀಕ್ಷೆ ಮಾಡಿಸಿದರೆ ಟಿಎಸ್‌ಎಚ್ ಮೇಲೆ ಹೋಗಿ ಕೂತಿತ್ತು! ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು ಅಂತ ನನಗೆ ಗೊತ್ತಾದದ್ದು ಆಮೇಲೆ. ಈ ಮಾತ್ರೆ ತೆಗೆದುಕೊಳ್ಳುವವರು ಗರ್ಭ ಧರಿಸುವ ಮೊದಲು ಟಿಎಸ್‌ಎಚ್ 2.5ರ ಒಳಗಿರಲಿ ಎಂದು ಸಾಮಾನ್ಯವಾಗಿ ನೋಡುತ್ತಾರೆ. ಒಂದು ಸಲ ಡೋಸ್ ಬದಲಿಸಿದರೆ ಸರಿಯಾದ ಲೆಕ್ಕ ಸಿಗಲು 6ರಿಂದ 8 ವಾರ ಕಾಯಬೇಕು. ನನ್ನ ತಿಂಗಳುಗಳು ಹೀಗೆ ಕಳೆದವು.

ಡಾಕ್ಟರದ್ದು ತಪ್ಪು ಅನ್ನುವುದಿಲ್ಲ. ಆದರೆ ‘ಔಷಧಿ’ ಅಂದರೆ ನಮ್ಮ ತಲೆಗೆ ಬರುವುದು ಚೀಟಿಯಲ್ಲಿ ಬರೆದುಕೊಟ್ಟದ್ದು ಮಾತ್ರ. ಕಷಾಯ, ಪುಡಿ, ಲೇಹ್ಯ, ಎಣ್ಣೆ, ಗಿಡಮೂಲಿಕೆ ಕ್ಯಾಪ್ಸೂಲ್ ಅಂತ ಒಂದೊಂದೇ ಹೆಸರು ಹಿಡಿದು ಕೇಳಿದ್ದರೆ ನಾನು ಖಂಡಿತ ಹೇಳುತ್ತಿದ್ದೆ.

ಇನ್ನೊಂದು ಮಾತನ್ನು ಎಲ್ಲರ ಬಾಯಲ್ಲೂ ಕೇಳಿದ್ದೇನೆ, ‘ಮಾತ್ರೆ ನುಂಗಿ ಎರಡು ಗಂಟೆ ಬಿಟ್ಟು ಕುಡಿದರೆ ಏನೂ ಆಗಲ್ಲ’. ಇಸಬ್‌ಗೋಲ್‌ನಂಥ ನಾರಿನ ಪುಡಿಗೆ ಇದು ಬಹುಮಟ್ಟಿಗೆ ಸರಿ, ಅದು ಹೊಟ್ಟೆಯಲ್ಲಿ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳಬಹುದು, ಅಂತರ ಕೊಟ್ಟರೆ ಆಯಿತು. ಆದರೆ ಎಲ್ಲ ಗಲಾಟೆಯೂ ಹೊಟ್ಟೆಯಲ್ಲೇ ನಡೆಯುವುದಿಲ್ಲ ಅಲ್ವಾ? ಮನಸ್ಸು ಕುಗ್ಗಿದಾಗ ಕೆಲವರು ತೆಗೆದುಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಲಿವರ್‌ನಲ್ಲಿ ಔಷಧಿಯನ್ನು ಒಡೆಯುವ ಎಂಜೈಮುಗಳನ್ನು ಜಾಸ್ತಿ ಮಾಡುತ್ತದೆ. ಗರ್ಭನಿರೋಧಕ ಮಾತ್ರೆಯ ಹಾರ್ಮೋನು ಆಗ ಬೇಗ ಖಾಲಿಯಾಗುತ್ತದೆ. ತಿಂಗಳ ನಡುವೆ ರಕ್ತ ಕಾಣಿಸಬಹುದು, ಬೇಡದ ಗರ್ಭವೂ ನಿಲ್ಲಬಹುದು. ಬೆಳಿಗ್ಗೆ ಒಂದು ರಾತ್ರಿ ಒಂದು ತಗೊಂಡರೂ ಅಷ್ಟೇ, ಬಿಟ್ಟ ಮೇಲೂ ಕೆಲವು ವಾರ ಅದರ ಪ್ರಭಾವ ಉಳಿಯುತ್ತದೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಈ ಮೂಲಿಕೆಯ ಬಗ್ಗೆ ಎಚ್ಚರಿಸುವಾಗ ಗರ್ಭ ನಿಲ್ಲದಂತೆ ತೋಳಿನಲ್ಲಿ ಇಡುವ ಹಾರ್ಮೋನಿನ ಕಡ್ಡಿಯನ್ನೂ (ಇಂಪ್ಲಾಂಟ್) ಸೇರಿಸಿತು. 2016ರಲ್ಲಿ ತುರ್ತು ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಹೇಳಿತು: ಹಿಂದಿನ 4 ವಾರಗಳಲ್ಲಿ ಇಂಥದ್ದನ್ನು ತೆಗೆದುಕೊಂಡಿದ್ದರೆ ಕಾಪರ್-ಟಿ ವಾಸಿ, ಅದಾಗದಿದ್ದರೆ ಆ ತುರ್ತು ಮಾತ್ರೆಯಲ್ಲಿರುವ ಹಾರ್ಮೋನು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಬದಲು 3 ಮಿಲಿಗ್ರಾಂ ಬೇಕು ಅಂತ. ಕಾಪರ್-ಟಿಯಲ್ಲಿ ಹಾರ್ಮೋನೇ ಇಲ್ಲ, ಹಾಗಾಗಿ ಅದಕ್ಕೆ ಈ ತೊಂದರೆ ಇಲ್ಲ.

ಇನ್ನು ಕೆಲವು ಮೂಲಿಕೆಗಳು ಮಾತ್ರೆ ಮಾಡುವ ಕೆಲಸವನ್ನೇ ತಾವೂ ಮಾಡುತ್ತವೆ, ಇಲ್ಲವೇ ಅದಕ್ಕೆ ಉಲ್ಟಾ ಎಳೆಯುತ್ತವೆ. ಪದೇ ಪದೇ ಗರ್ಭಪಾತವಾದ ಕೆಲವರಿಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಆಸ್ಪಿರಿನ್ ಕೊಟ್ಟಿರುತ್ತಾರೆ. ಅದರ ಮೇಲೆ ಬೆಳ್ಳುಳ್ಳಿ ಸಾರದ ಕ್ಯಾಪ್ಸೂಲೋ ಗಿಂಕ್ಗೊ ಎಂಬ ಮೂಲಿಕೆಯೋ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಒಗ್ಗರಣೆಗೆ ಹಾಕುವ ಎರಡು ಎಸಳಿನ ಮಾತಲ್ಲ ಇದು. ಜ್ಯೇಷ್ಠಮಧು ಜಾಸ್ತಿಯಾದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಪೊಟ್ಯಾಶಿಯಂ ಇಳಿಯುತ್ತದೆ, ಬಿಪಿ ಏರುತ್ತದೆ. ಬಸಿರಿನಲ್ಲಿ ಬಿಪಿ ಮಾತ್ರೆ ತೆಗೆದುಕೊಳ್ಳುವವಳು ಕೆಮ್ಮಿಗೆ ಅಂತ ದಿನವಿಡೀ ಅದರ ಕಷಾಯ ಕುಡಿದರೆ ಮಾತ್ರೆ ಏನು ಮಾಡೀತು? ಮೆಂತ್ಯದ ಪುಡಿಯೂ ಸಕ್ಕರೆ ಇಳಿಸುತ್ತದೆ, ಇನ್ಸುಲಿನ್ ಹಾಕಿಕೊಳ್ಳುವವರು ನೋಡಿಕೊಳ್ಳಬೇಕು. ಆಪರೇಷನ್ ಇದ್ದರಂತೂ ಅರಿವಳಿಕೆ ಕೊಡುವವರಿಗೆ ಕೆಲವು ವಾರ ಮೊದಲೇ ಹೇಳಿಬಿಡಿ.

ಇಷ್ಟು ಓದಿ ಗಾಬರಿಯಾಗಿ ಮಾತ್ರೆಯನ್ನೇ ನಿಲ್ಲಿಸಬೇಡಿ. ಅದು ಇನ್ನೂ ದೊಡ್ಡ ಅಪಾಯ, ಮುಖ್ಯವಾಗಿ ಫಿಟ್ಸ್, ಥೈರಾಯ್ಡ್, ಬಿಪಿ ಮಾತ್ರೆಗಳಲ್ಲಿ. ಡಬ್ಬಿಯ ಮುಂದೆ ಹಿಂದೆ ಎರಡೂ ಕಡೆ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಡಾಕ್ಟರಿಗೂ ಗಿಡಮೂಲಿಕೆ ಕೊಡುವ ವೈದ್ಯರಿಗೂ ಇಬ್ಬರಿಗೂ ತೋರಿಸಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಅಂತ ಹೇಳಿ. ಹೌದು, ಕೆಲವು ಡಾಕ್ಟರುಗಳು ಬೈಯುತ್ತಾರೆ. ಬೈಸಿಕೊಂಡವರು ಮುಂದಿನ ಸಲ ಬಾಯಿ ಬಿಡುವುದಿಲ್ಲ ಅನ್ನುವುದು ಅವರಿಗೂ ಗೊತ್ತಿದ್ದರೆ ಒಳ್ಳೆಯದಿತ್ತು. ನಾನು ಕೊನೆಗೆ ಹೇಳಿದಾಗ ನನ್ನ ಡಾಕ್ಟರ್ ಬೈಯಲಿಲ್ಲ, ಪುಡಿಯ ಹೆಸರನ್ನು ಫೈಲಿನಲ್ಲಿ ಬರೆದುಕೊಂಡು, 6 ವಾರ ಬಿಟ್ಟು ಬನ್ನಿ ಅಂದರು.

ಸಂಪಾದಕರೇ, ನಿಮ್ಮಲ್ಲಿ ಕೇಳುವುದು ಇಷ್ಟೇ. ಮನೆಮದ್ದಿನ ಪ್ರತಿ ಬರಹದ ಕೆಳಗೆ, ಇದು ಯಾವ ಯಾವ ಮಾತ್ರೆಯ ಜೊತೆ ಆಗಿಬರುವುದಿಲ್ಲ ಎಂದು ಗೊತ್ತಿರುವವರಿಂದ ನಾಲ್ಕು ಸಾಲು ಬರೆಸಿ ಹಾಕಿ. ಜಾಗ ಸಾಲದಿದ್ದರೆ ಮೇಲಿರುವ ಆ ಬೇರಿನ ಫೋಟೊ ಸ್ವಲ್ಪ ಚಿಕ್ಕದು ಮಾಡಿ.

ಇತಿ,
ನಿಮ್ಮ ಒಬ್ಬ ಓದುಗಿ