ಕಸದ ಡಬ್ಬದ ಮೇಲೊಂದು ಚೀಟಿ: ಗೆಳೆಯನಿಗೊಂದು ಪತ್ರ

ಗೆಳೆಯಾ,

ನೀನು ಕಳಿಸಿದ ಮೂರೂವರೆ ನಿಮಿಷದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಮೊದಲೆರಡು ನಿಮಿಷ ಬರೀ "ಅದೇನಪ್ಪಾ ಅಂದ್ರೆ" ಮತ್ತು ಗಾಳಿಯ ಸದ್ದು. ಕೊನೆಗೆ ತಿಳಿದದ್ದು ಇಷ್ಟು: "ಯಾಕೋ ಸಿಡಿಮಿಡಿ ಅಂತಿದ್ದೀಯಂತೆ, ಏನಾಯ್ತು?" ಇದನ್ನೇ ಬೆರಳಲ್ಲಿ ಕುಟ್ಟಿದ್ದರೆ ಐದು ಸೆಕೆಂಡು ಆಗುತ್ತಿತ್ತು ಮಾರಾಯಾ. ನನ್ನ ಸಿಡಿಮಿಡಿಯ ಪಟ್ಟಿಯಲ್ಲಿ ಇದೇ ಒಂದನೆಯದು ಅಂತ ಬರೆದುಕೋ.

ಉಳಿದವು ಸಣ್ಣಪುಟ್ಟವು. ಬರೆಯದ ಪೆನ್ನನ್ನು ಕೊಡವಿ, ಬೈದು, ಮತ್ತೆ ಅದೇ ಸ್ಟ್ಯಾಂಡಿಗೆ ಸಿಕ್ಕಿಸಿ ಹೋಗುವವರು. ಲಿಫ್ಟಿನೊಳಗೆ ಸ್ಪೀಕರ್ ಹಾಕಿಕೊಂಡು ಸಂಸಾರದ ಜಗಳ ಮುಂದುವರಿಸುವವರು. "ಇಲ್ಲಿ ಹರಿಯಿರಿ" ಅಂತ ಬರೆದ ಪೊಟ್ಟಣ, ಅದು ಅಲ್ಲೊಂದು ಬಿಟ್ಟು ಬೇರೆಲ್ಲ ಕಡೆ ಹರಿಯುತ್ತದೆ. ಎಲ್ಲಕ್ಕಿಂತ ಮೇಲಾಗಿ ಸೆಲ್ಲೋ ಟೇಪಿನ ತುದಿ. ಉಗುರಿನಲ್ಲಿ ಕೆರೆದು ಕೆರೆದು ಹುಡುಕಿ ಎಳೆದರೆ ದಾರದಷ್ಟು ಸಪೂರಕ್ಕೆ ಸೀಳಿಕೊಂಡು ಬರುತ್ತದೆ. ಉಳಿದ ಅಗಲ ಸುರುಳಿಯಲ್ಲೇ ಅಂಟಿ ಕೂತು ನಮ್ಮನ್ನು ನೋಡಿ ನಗುತ್ತದೆ.

ಟೇಪಿನ ಮಾತು ಯಾಕೆ ಬಂತು ಅಂದರೆ, ಹೋದ ತಿಂಗಳು ನಾನೊಂದು ಚೀಟಿ ಅಂಟಿಸಿದೆ. ಅಲ್ಲಿಂದ ಶುರುವಾಯಿತು ರಾಮಾಯಣ.

ನಮ್ಮ ಕಟ್ಟಡದ ಕೆಳಗೆ ಎರಡು ಡಬ್ಬಗಳಿವೆ, ಹಸಿ ಕಸಕ್ಕೊಂದು, ಒಣ ಕಸಕ್ಕೊಂದು. ಬಣ್ಣ ಬೇರೆ, ಅಕ್ಷರ ದೊಡ್ಡದು. ಆದರೂ ಒಣ ಕಸದಲ್ಲಿ ತರಕಾರಿ ಸಿಪ್ಪೆ, ಹಸಿ ಕಸದಲ್ಲಿ ಸತ್ತುಹೋದ ಚಾರ್ಜರ್. ಒಂದು ಹಿಡಿ ಸಿಪ್ಪೆಯ ನೀರು ಇಳಿದರೆ ಸಾಕು, ಆ ಡಬ್ಬದ ರದ್ದಿ ಕಾಗದವೆಲ್ಲ ಯಾರಿಗೂ ಬೇಡವಾಗುತ್ತದೆ. ಹಸಿ ಕಸ ಗುಡ್ಡೆಯಡಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷದ ಲೆಕ್ಕ ಹಿಡಿದರೆ ಅದು ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಜೋರು. ಇದೆಲ್ಲ ನನಗೆ ಗೊತ್ತು. ಗೊತ್ತಿರುವುದೇ ತೊಂದರೆ. ಗೊತ್ತಿದ್ದವನು ಸುಮ್ಮನಿರುವುದಿಲ್ಲ. ಬರೆದು ಡಬ್ಬಗಳ ಮೇಲಿನ ಗೋಡೆಗೆ ಅಂಟಿಸಿದೆ: "ಓದು ಬರಹ ಬಲ್ಲವರು ದಯವಿಟ್ಟು ಡಬ್ಬದ ಮೇಲಿನ ಅಕ್ಷರ ಓದಬೇಕು." ವ್ಯಂಗ್ಯ ಚೆನ್ನಾಗಿದೆ ಅಂತ ನನಗೇ ಖುಷಿಯಾಗಿ ಎರಡು ಸಲ ಓದಿಕೊಂಡೆ.

ಮಾರನೆಯ ಬೆಳಿಗ್ಗೆ ಅದರ ಕೆಳಗೆ ನೀಲಿ ಇಂಕಿನಲ್ಲಿ ಉತ್ತರ: "ಮೊದಲು ನಿಮ್ಮ ಮನೆ ಕಸ ನೋಡ್ಕೊಳ್ಳಿ ಸಾರ್. ಬರೆಯೋ ಹಕ್ಕು ನಮಗೂ ಇದೆ."

ನಿಜ ಹೇಳುತ್ತೇನೆ, ಅಕ್ಷರ ಮುದ್ದಾಗಿತ್ತು. ಒತ್ತು, ದೀರ್ಘ ಒಂದೂ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಉರಿಯಿತು. ಯಾರೂ ನೋಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಆ ಭಾಗವನ್ನಷ್ಟೇ ಹರಿದು ಬಿಸಾಡೋಣ ಅಂತ ಚೀಟಿಯ ಮೂಲೆಗೆ ಕೈ ಹಾಕಿದೆ. ನಾನು! ವಾಕ್ ಸ್ವಾತಂತ್ರ್ಯದ ಬಗ್ಗೆ ರಾತ್ರಿ ಒಂದು ಗಂಟೆಯವರೆಗೆ ನಿನ್ನ ತಲೆ ತಿಂದವನು. ಟೇಪು ಬಿಡಲಿಲ್ಲ. ಬೇಕಾದಾಗ ತುದಿ ಕೊಡದ ಆ ಟೇಪು ಅವತ್ತು ಗೋಡೆ ಬಿಡದೆ ನನ್ನ ಮಾನ ಉಳಿಸಿತು.

ಎರಡು ದಿನಕ್ಕೆ ಸಂಘದ ಕಾರ್ಯದರ್ಶಿಗಳು ಬಂದು ಚೀಟಿಯನ್ನೂ ಉತ್ತರವನ್ನೂ ಒಟ್ಟಿಗೇ ಕಿತ್ತು ಹಾಕಿ ಅದೇ ಜಾಗದಲ್ಲಿ ಟೈಪ್ ಮಾಡಿದ ಹಾಳೆ ಅಂಟಿಸಿದರು: "ಇಲ್ಲಿ ಯಾವುದೇ ಚೀಟಿ ಅಂಟಿಸಬಾರದು." ಕೆಳಗೆ ರಬ್ಬರ್ ಸ್ಟ್ಯಾಂಪ್. ಆವಾಗ ನನಗೆ ಆ ನೀಲಿ ಇಂಕಿನವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂದುಬಿಟ್ಟಿತು ನೋಡು. ಬೈದರೂ ನನ್ನ ಮಾತು ಓದಿ ಬೈದಿದ್ದರು. ಇವರು ಓದಿದರೋ ಇಲ್ಲವೋ, ಗೋಡೆ ಶುಚಿಯಾಗಿದ್ದರೆ ಸಾಕು ಇವರಿಗೆ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ 1948ರದ್ದು. ಅದರ 19ನೇ ವಿಧಿಯನ್ನು ಅವತ್ತು ಸಿಟ್ಟಿನಲ್ಲೇ ತೆಗೆದು ಓದಿದೆ. ಕಾರ್ಯದರ್ಶಿಗಳ ಮುಖಕ್ಕೆ ಹಿಡಿಯೋಣ ಅಂತ. ಅಲ್ಲಿ ಹೇಳುವ ಹಕ್ಕಿನ ಜೊತೆಗೇ ವಿಚಾರಗಳನ್ನು ಹುಡುಕುವ, ಪಡೆಯುವ ಹಕ್ಕೂ ಇದೆ. ನಾವು ಮಾತ್ರ ಹೇಳುವ ತುಂಡನ್ನಷ್ಟೇ ಕತ್ತರಿಸಿಕೊಂಡು ಜೇಬಿಗೆ ಹಾಕಿಕೊಂಡಿದ್ದೇವೆ. ಕಾರ್ಯದರ್ಶಿಗಳನ್ನು ಕೇಳಲು ಹೋಗಲಿಲ್ಲ. ಮೂಲೆಗೆ ಕೈ ಹಾಕಿದ್ದು ನನಗೂ ನೆನಪಿತ್ತಲ್ಲ.

ಈ ಕಸದ ಜಗಳ ನಮ್ಮದೇ ಹೊಸದೇನಲ್ಲ ಬಿಡು. ಪ್ಯಾರಿಸ್ಸಿನಲ್ಲಿ ಯೂಜೀನ್ ಪುಬೆಲ್ ಅಂತ ಒಬ್ಬ ಆಡಳಿತಾಧಿಕಾರಿ ಇದ್ದ. 1884ರಲ್ಲಿ, ಪ್ರತಿ ಕಟ್ಟಡದ ಮಾಲೀಕನೂ ಮುಚ್ಚಳವಿರುವ ಡಬ್ಬ ಇಡಲೇಬೇಕು ಅಂತ ಆಜ್ಞೆ ಹೊರಡಿಸಿದ. ಅದೂ ಮೂರು ಬಗೆ: ಕೊಳೆಯುವುದಕ್ಕೊಂದು, ಕಾಗದ ಬಟ್ಟೆಗೊಂದು, ಗಾಜು ಪಿಂಗಾಣಿ ಚಿಪ್ಪಿಗೊಂದು. ಮಾಲೀಕರು ಗೊಣಗಿದರು, ಚಿಂದಿ ಆಯುವವರು ಹೊಟ್ಟೆಪಾಡು ಹೋಯಿತಲ್ಲ ಅಂತ ತಿರುಗಿಬಿದ್ದರು. ಕೊನೆಗೆ ಜನ ಆ ಡಬ್ಬಕ್ಕೆ ಅವನ ಹೆಸರನ್ನೇ ಇಟ್ಟುಬಿಟ್ಟರು. ಇವತ್ತಿಗೂ ಫ್ರೆಂಚಿನಲ್ಲಿ ಕಸದ ಬುಟ್ಟಿ ಅಂದರೆ 'ಪುಬೆಲ್'. ಹೆಸರು ಉಳಿಯಬೇಕು ಅಂತ ಆಸೆಪಡುವವರಿಗೆ ಇದನ್ನೊಮ್ಮೆ ಹೇಳಬೇಕು.

ಇನ್ನೊಬ್ಬರು ವಿಲಿಯಂ ರಾಥ್ಯೆ, ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ವಜ್ಞ. ಹಳೇ ಊರುಗಳ ಉತ್ಖನನ ಮಾಡುವ ಕ್ರಮದಲ್ಲೇ 1973ರಿಂದ ಬದುಕಿರುವವರ ಕಸ ಬಗೆಯುತ್ತ ಕೂತರು. ನೀವೆಷ್ಟು ಕುಡೀತೀರಿ ಅಂತ ಮನೆಮನೆಯಲ್ಲಿ ಕೇಳಿ ಬರೆದುಕೊಂಡದ್ದಕ್ಕೂ ಕಸದಲ್ಲಿ ಸಿಕ್ಕ ಖಾಲಿ ಬಾಟಲಿಗಳಿಗೂ ತಾಳೆಯೇ ಇರಲಿಲ್ಲ. ಬಾಯಿ ಕಮ್ಮಿ ಹೇಳಿತ್ತು, ಬುಟ್ಟಿ ಜಾಸ್ತಿ ಹೇಳಿತ್ತು. ಆಮೇಲೆ ಕಸದ ಗುಡ್ಡೆಗಳನ್ನೇ ಕೊರೆದು ನೋಡಿದಾಗ ಹತ್ತಾರು ವರ್ಷದ ಹಿಂದಿನ ಪತ್ರಿಕೆಗಳು ಇನ್ನೂ ಓದುವ ಹಾಗೇ ಇದ್ದವಂತೆ. ನಾವು ಎಸೆದದ್ದು ಕೊಳೆತು ಮಣ್ಣಾಗಿದೆ ಅಂತ ನಂಬಿಕೊಂಡಿದ್ದೇವೆ, ಅದು ಕೆಳಗೆ ದಿನಾಂಕ ಸಮೇತ ಬಿದ್ದುಕೊಂಡಿದೆ.

ಅಂದಮೇಲೆ ಕಸದ ಚೀಲವೂ ಒಂಥರಾ ಹೇಳಿಕೆಯೇ. ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ, ರಸ್ತೆ ಬದಿಗೆ ಇಟ್ಟ ಕಸದ ಚೀಲವನ್ನು ಪೊಲೀಸರು ವಾರಂಟ್ ಇಲ್ಲದೆಯೂ ಬಿಚ್ಚಿ ನೋಡಬಹುದು ಅಂದಿತು. ನನಗದು ಸರಿಕಾಣಲಿಲ್ಲ. ಕಟ್ಟಿಟ್ಟ ಗಂಟು ಕಟ್ಟಿಟ್ಟ ಗಂಟೇ, ಬಾಗಿಲ ಒಳಗಿದ್ದರೇನು, ಹೊರಗಿದ್ದರೇನು. ಅದೇ ವರ್ಷ ಅಲ್ಲಿನ ಪ್ಲಾಸ್ಟಿಕ್ ಉದ್ಯಮದವರು ಬಾಟಲಿ ತಳದಲ್ಲಿ ಬಾಣಗಳ ತ್ರಿಕೋನ ಹಾಕಿ, ಅದರೊಳಗೆ 1ರಿಂದ 7ರವರೆಗಿನ ಅಂಕಿ ಒತ್ತಲು ಶುರುಮಾಡಿದರು. ಅಂಕಿ ಹೇಳುವುದು ಅದು ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ. ಬಾಣ ನೋಡಿದ ನಾವು ಇದು ಮರುಬಳಕೆಯಾಗುತ್ತದೆ ಅಂದುಕೊಂಡು ನೆಮ್ಮದಿಯಿಂದ ಬಿಸಾಡುತ್ತೇವೆ. ಒಂದಕ್ಷರ ಸುಳ್ಳು ಬರೆಯದೆ ಸುಳ್ಳು ಹೇಳುವ ಕಲೆ ಅದು. ನನ್ನ ವ್ಯಂಗ್ಯದ ಚೀಟಿಯನ್ನು ಕಿತ್ತುಹಾಕಿದವರು ಯಾರೂ ಆ ತ್ರಿಕೋನದ ತಂಟೆಗೆ ಹೋಗಿಲ್ಲ.

ಈಗ ಅಸಲು ವಿಷಯ. ಮೊನ್ನೆ ಮೆಟ್ಟಿಲ ಮೇಲೆ ನನ್ನ ಚೀಲದ ತಳ ಬಿಟ್ಟುಕೊಂಡಿತು. ಹಸಿ ಕಸದ್ದು. ಮೂರನೇ ಮಹಡಿಯಿಂದ ಎರಡನೆಯದರವರೆಗೆ ಕಂದು ನೀರಿನ ಗೆರೆ, ಅದರ ಕೊನೆಯಲ್ಲಿ ಗುಡ್ಡೆ. ಕೈಯಲ್ಲೇ ಬಾಚಿ ತುಂಬುತ್ತ ಹೋದಾಗ ಸಿಪ್ಪೆಯ ಮಧ್ಯೆ ಮಾತ್ರೆಯ ಖಾಲಿ ಸ್ಟ್ರಿಪ್ಪು, ಗಡಿಯಾರದ ಎರಡು ಸೆಲ್ಲು, ಒಂದು ಶೇವಿಂಗ್ ಬ್ಲೇಡು. ನನ್ನದೇ. ಬೇರೆ ಯಾರ ಮೇಲೂ ಹಾಕುವ ಹಾಗಿಲ್ಲ, ಒಬ್ಬನೇ ಇರುವುದು.

ಕಸ ಒಯ್ಯುವ ಹೆಂಗಸು ಅಷ್ಟೊತ್ತಿಗೆ ಕೆಳಗಿಂದ ಹತ್ತಿ ಬರುತ್ತಿದ್ದಳು. ನಿಂತು ನೋಡಿದಳು, ನಗಲಿಲ್ಲ. ಬಗ್ಗಿ ಬ್ಲೇಡನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಇದೊಂದು ಕಾಗದದಲ್ಲಿ ಸುತ್ತಿ ಕೊಡಿ ಸಾರ್, ಸಾಕು" ಅಂದಳು. ಆ ತೋರುಬೆರಳಿನ ತುದಿಯಲ್ಲಿ ಸಣ್ಣಸಣ್ಣ ಗೆರೆಗಳಿದ್ದವು. ಕೆಲವು ಹಳೆಯವು, ಒಂದು ಇನ್ನೂ ಕೆಂಪಗಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲಮ್ಮ ಅಂದೆ. "ಯಾರಿಗೆ ಹೇಳ್ಲಿ ಸಾರ್?" ಅಂದು ಮಹಡಿ ಹತ್ತಿದಳು.

ಆ ಗೋಡೆಯ ಮೇಲೆ ನಾನು ಬರೆದೆ, ನೀಲಿ ಇಂಕಿನವರು ಬರೆದರು, ಕಾರ್ಯದರ್ಶಿಗಳು ಟೈಪ್ ಮಾಡಿಸಿದರು. ಕಸ ಮುಟ್ಟುವವಳು ಅವಳೊಬ್ಬಳೇ.

ಈಗ ಬ್ಲೇಡನ್ನು ರಟ್ಟಿನ ಮಧ್ಯೆ ಇಟ್ಟು, ಕಾಗದ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ "ಬ್ಲೇಡ್ ಇದೆ" ಅಂತ ಬರೆದಿದ್ದೇನೆ. ಇನ್ನು ಟೇಪು ಹಾಕಬೇಕು. ಅರ್ಧ ಗಂಟೆಯಿಂದ ತುದಿ ಹುಡುಕುತ್ತಾ, ಮಧ್ಯೆ ಮಧ್ಯೆ ನಿನಗೆ ಈ ಪತ್ರ ಬರೆಯುತ್ತಾ ಕೂತಿದ್ದೇನೆ. ಉತ್ತರ ಬರಿ. ದಮ್ಮಯ್ಯ, ಬರಿ, ಮಾತಾಡಿ ಕಳಿಸಬೇಡ.

ನಿನ್ನ
ಸಿಡುಕ ಗೆಳೆಯ