ಹಳದಿ ಬಳಿದ ಪುಟಗಳು: ಮಗಳಿಗೊಂದು ಪತ್ರ

ಬನಶಂಕರಿ ಎರಡನೇ ಹಂತ, ಬೆಂಗಳೂರು
ಶನಿವಾರ, ಬೆಳಗಿನ ಜಾವ

ಪ್ರೀತಿಯ ಪುಟ್ಟಿ,

ಒಂದೇ ಸೂರಿನಡಿ ಇರುವ ಮಗಳಿಗೆ ಅಪ್ಪ ಪತ್ರ ಬರೆಯುವುದು ನಿನಗೆ ವಿಚಿತ್ರವೆನ್ನಿಸಬಹುದು. ಆದರೆ ನಾನು ರಾತ್ರಿ ಪಾಳಿ ಮುಗಿಸಿ ಬರುವ ಹೊತ್ತಿಗೆ ನೀನು ಮಲಗಿರುತ್ತೀಯೆ, ನಾನು ಏಳುವ ಹೊತ್ತಿಗೆ ಮಲ್ಲೇಶ್ವರದ ಕಾಲೇಜಿನಲ್ಲಿರುತ್ತೀಯೆ. ಭಾನುವಾರವೊಂದನ್ನು ಬಿಟ್ಟರೆ ನಮ್ಮಿಬ್ಬರ ಮಾತುಕತೆಯೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲೇ ನಡೆಯುತ್ತದೆ. ಇಂದು ಹೇಳಬೇಕಾದದ್ದು ಚೀಟಿಯಲ್ಲಿ ಹಿಡಿಸುವಂಥದ್ದಲ್ಲ.

ಈಗಷ್ಟೇ, ಎರಡೂ ಮುಕ್ಕಾಲಿಗೆ, ಮನೆಗೆ ಬಂದಾಗ ನಿನ್ನ ಕೋಣೆಯ ಬಾಗಿಲ ಸಂದಿನಲ್ಲಿ ಬೆಳಕಿತ್ತು. ನೀನು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಕೆನ್ನೆಯ ಕೆಳಗೆ ರಸಾಯನಶಾಸ್ತ್ರದ ಪುಸ್ತಕ ತೆರೆದೇ ಇತ್ತು. ಆ ಎರಡು ಪುಟಗಳಲ್ಲಿ ಹೈಲೈಟರ್ ತಾಗದ ಸಾಲೆಂದರೆ ಪುಟದ ಸಂಖ್ಯೆಯೊಂದೇ. ಕಳೆದ ಭಾನುವಾರ ಇದೇ ಪಾಠದ ರೌಲ್ಟ್ ನಿಯಮವೆಂದರೇನೆಂದು ನಾನು ಸುಮ್ಮನೆ ಕೇಳಿದ್ದೆ. "ಗೊತ್ತಪ್ಪ, ನಾಲ್ಕು ಸಲ ಓದಿದ್ದೀನಿ" ಎಂದೆ. "ದ್ರಾವಣದಲ್ಲಿ ಪ್ರತಿ ಘಟಕದ ಆಂಶಿಕ ಆವಿ ಒತ್ತಡ..." ಎಂದು ಶುರು ಮಾಡಿ ಅಲ್ಲಿಗೇ ನಿಂತೆ. ಅದು ಆ ಘಟಕದ ಮೋಲ್ ಭಾಗಾಂಶಕ್ಕೆ ಅನುಪಾತದಲ್ಲಿರುತ್ತದೆ ಎಂಬ ಉಳಿದರ್ಧ ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ತಟ್ಟೆ ಹಾಗೆಯೇ ಬಿಟ್ಟು ಎದ್ದು ಹೋದೆ. ಅಂದು ನಾನು ಸುಮ್ಮನಿದ್ದದ್ದು ಕೋಪದಿಂದಲ್ಲ, ನನಗೆ ಆ ಅವಸ್ಥೆ ಚೆನ್ನಾಗಿ ಗೊತ್ತಿದ್ದುದರಿಂದ.

ಪತ್ರಿಕೆಯಲ್ಲಿ ಇಪ್ಪತ್ತಾರು ವರ್ಷ ಕರಡು ತಿದ್ದಿ ಹೊಟ್ಟೆ ಹೊರೆದವನು ನಾನು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಶೀರ್ಷಿಕೆಯನ್ನು ಮೂರು ಸಲ ಓದಿ, ಸರಿಯಿದೆಯೆಂದು ಸಹಿ ಹಾಕಿ ಕಳುಹಿಸಿದ್ದೆ. ಮರುದಿನ ಊರೆಲ್ಲ ನೋಡುವಂತೆ ದಪ್ಪಕ್ಷರದಲ್ಲಿ 'ವಿದ್ಯಾರ್ತಿಗಳ ಮುಷ್ಕರ' ಎಂದು ಅಚ್ಚಾಗಿತ್ತು. ಮೂರು ಸಲ ಓದಿದವನಿಗೆ ಒಂದು ಮಹಾಪ್ರಾಣ ಹೇಗೆ ತಪ್ಪಿತು? ಒಮ್ಮೆ ಪರಿಚಯವಾದ ಸಾಲನ್ನು ಕಣ್ಣು ಮತ್ತೆ ಓದುವುದಿಲ್ಲ ಪುಟ್ಟಿ, ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಇಲ್ಲದ ಅಕ್ಷರವನ್ನು ಮನಸ್ಸೇ ತುಂಬಿಸಿಕೊಂಡು ಎಲ್ಲ ಸರಿಯಿದೆಯೆಂದು ವರದಿ ಒಪ್ಪಿಸುತ್ತದೆ. ಹಿಂದೆ ಅಚ್ಚುಕೂಟಗಳಲ್ಲಿ ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕರಡನ್ನು ನೋಡುತ್ತಿದ್ದುದು ಈ ಜಾರುವಿಕೆಯನ್ನು ತಡೆಯುವುದಕ್ಕೇ. ನಿನ್ನ ಹಳದಿ ಪುಟಗಳಲ್ಲಿ ಆಗಿರುವುದೂ ಇದೇ ಎಂದು ನನ್ನ ಅನುಮಾನ. ಐದನೆಯ ಸಲ ಓದುವಾಗ ಸಾಲುಗಳು ಪರಿಚಿತವೆನ್ನಿಸುತ್ತವೆ, ಆ ಪರಿಚಯವನ್ನೇ ನೀನು ತಿಳಿವಳಿಕೆ ಎಂದುಕೊಳ್ಳುತ್ತೀಯೆ. ಪರೀಕ್ಷೆಯಲ್ಲಿ ಪುಸ್ತಕ ಎದುರಿಗಿಲ್ಲದಾಗ ಪರಿಚಯ ಕೈಕೊಡುತ್ತದೆ.

ಇದು ಬರೀ ಕರಡು ತಿದ್ದುವವನ ಊಹೆಯಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರ ಬಗ್ಗೆ ನಮ್ಮ ಪುರವಣಿಯ ಪುಟ ತಿದ್ದುವಾಗ ಓದಿದ್ದೆ. ಅವರು ಕೆಲವು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಲು ಕೊಟ್ಟರು. ಇನ್ನು ಕೆಲವರಿಗೆ ಒಂದು ಅವಧಿ ಓದಿಸಿ, ಉಳಿದ ಮೂರರಲ್ಲಿ ಪಾಠ ನೋಡದೆ ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಓದಿದವರದೇ ಮೇಲುಗೈಯಾಗಿತ್ತು. ಒಂದು ವಾರ ಬಿಟ್ಟು ಕೇಳಿದಾಗ, ಓದಿದವರಲ್ಲಿ ಉಳಿದದ್ದು ಸುಮಾರು ಶೇ 40ರಷ್ಟು, ಬರೆದು ನೋಡಿಕೊಂಡವರಲ್ಲಿ ಸುಮಾರು ಶೇ 61ರಷ್ಟು. ರಾತ್ರಿ ಓದಿ ಬೆಳಿಗ್ಗೆ ಕಿರುಪರೀಕ್ಷೆ ಬರೆದಾಗ ನಿನಗೆ ಅಂಕ ಬಂದು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪಾಠ ಮರೆತುಹೋದದ್ದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದ್ದೀತು.

ಆದ್ದರಿಂದ ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮುಂದೆ ಕುಳಿತುಕೋ. ಅದು ಕಷ್ಟದ ಕೆಲಸ. ಹೈಲೈಟರ್ ಎಳೆಯುವಾಗ ಸಿಗುವ ಸಮಾಧಾನ ಅದರಲ್ಲಿಲ್ಲ, ಮೊದಲ ವಾರ ನಿನಗೇನೂ ಬರುವುದಿಲ್ಲವೆಂದೇ ಅನ್ನಿಸುತ್ತದೆ. ಮೆಟ್ರೊದಲ್ಲಿ ಹೋಗುವಾಗಲೂ ಇದನ್ನು ಮಾಡಬಹುದು. ಲಾಲ್‌ಬಾಗ್ ನಿಲ್ದಾಣದಲ್ಲಿ ಮೊಬೈಲನ್ನು ಚೀಲಕ್ಕೆ ಹಾಕಿಬಿಡು. ನ್ಯಾಷನಲ್ ಕಾಲೇಜು ದಾಟಿ ರೈಲು ನೆಲದೊಳಗೆ ಇಳಿದ ಮೇಲೆ ಕಿಟಕಿಯಾಚೆ ನೋಡಲಿಕ್ಕೂ ಏನಿರುವುದಿಲ್ಲ. ಮೆಜೆಸ್ಟಿಕ್ ಬರುವ ತನಕ ಹಿಂದಿನ ದಿನದ ಒಂದೇ ಒಂದು ಪಾಠವನ್ನು ಮನಸ್ಸಿನಲ್ಲಿ ಹೇಳಿಕೊಂಡು, ಎಲ್ಲಿ ತಡವರಿಸಿದೆಯೋ ಅಷ್ಟನ್ನು ಸಂಜೆ ಪುಸ್ತಕದಲ್ಲಿ ನೋಡಿದರೆ ಸಾಕು.

ವೇಳಾಪಟ್ಟಿಯ ವಿಷಯದಲ್ಲಿ ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಪಿಯುಸಿ ಓದುವಾಗ ನಾನು ಬಣ್ಣದ ಪೆನ್ಸಿಲ್ಲಿನಲ್ಲಿ ಗೆರೆ ಹೊಡೆದು, ಬೆಳಿಗ್ಗೆ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ಒಂದು ಗಳಿಗೆಯೂ ಖಾಲಿಯಿರದ ಪಟ್ಟಿಗಳನ್ನು ತಯಾರಿಸುತ್ತಿದ್ದೆ. ಯಾವುದೂ ಮೂರನೆಯ ದಿನ ದಾಟಲಿಲ್ಲ. ಒಂದು ಗಂಟೆ ತಪ್ಪಿದರೆ ಇಡೀ ದಿನ ಕೆಟ್ಟಿತೆಂದು ಕೈಚೆಲ್ಲಿ, ಮರುದಿನ ಹೊಸ ಹಾಳೆಯಲ್ಲಿ ಹೊಸ ಪಟ್ಟಿ ಬರೆಯುತ್ತಿದ್ದೆ. ಆರಂಭಶೂರತ್ವವೆಂದರೆ ಅದೇ. ಗಣಿತದಲ್ಲಿ ನಪಾಸಾಗಿ, ಹದಿನೈದು ದಿನ ನಿನ್ನ ತಾತನಿಗೆ ಹೇಳದೆ, ಫಲಿತಾಂಶ ತಡೆಹಿಡಿದಿದ್ದಾರೆಂದು ಸುಳ್ಳು ಹೇಳಿಕೊಂಡು ತಿರುಗಿದೆ. ಪೂರಕ ಪರೀಕ್ಷೆಗೆ ಓದುವಾಗ ಪಟ್ಟಿ ಬರೆಯುವ ಉಮೇದು ಉಳಿದಿರಲಿಲ್ಲ. ಸಂಜೆ ಕಾಫಿ ಲೋಟ ಕೆಳಗಿಟ್ಟ ತಕ್ಷಣ ಎರಡು ಲೆಕ್ಕ ಮಾಡುವುದು, ಅಷ್ಟೇ ಕರಾರು. ಎರಡು ಮುಗಿಸಿದವನು ಬಹುತೇಕ ದಿನ ಎಂಟು, ಹತ್ತು ಮಾಡಿಯೇ ಏಳುತ್ತಿದ್ದೆ. ಮನಸ್ಸಿದ್ದರೆ ಮಾರ್ಗ ಎಂದು ನಿನ್ನ ಅಜ್ಜಿ ಈಗಲೂ ಹೇಳುತ್ತಾರೆ; ನನ್ನ ಅನುಭವದಲ್ಲಿ ಅದು ಹಿಂದುಮುಂದಾಗಿಯೇ ನಡೆದದ್ದು. ನಾಲ್ಕು ಹೆಜ್ಜೆ ಹಾಕಿದ ಮೇಲೆ ಮನಸ್ಸು ಹಿಂದಿನಿಂದ ಓಡಿಬಂದು ಸೇರಿಕೊಳ್ಳುತ್ತಿತ್ತು. ಓದುವ ಮನಸ್ಸೇ ಬರುತ್ತಿಲ್ಲವೆಂದು ನೀನು ಅಮ್ಮನ ಹತ್ತಿರ ಹೇಳಿದೆಯಂತೆ. ಬಾರದಿದ್ದರೆ ಬೇಡ, ಅದಕ್ಕಾಗಿ ಕಾಯದೆ ಒಂದು ಲೆಕ್ಕ ಮಾಡು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಶೇ 95 ಬಂದರೆ ಸ್ಕೂಟರ್ ಕೊಡಿಸುತ್ತೇನೆಂದು ಜೂನ್ ತಿಂಗಳಲ್ಲಿ ಹೇಳಿದ್ದೆ. ಎಡ್ವರ್ಡ್ ಡೀಸಿ ಎಂಬ ಮನೋವಿಜ್ಞಾನಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟಿನ ತುಂಡುಗಳನ್ನು ಜೋಡಿಸಲು ದುಡ್ಡು ಪಡೆದವರು, ದುಡ್ಡು ನಿಂತ ಮೇಲೆ ಬಿಡುವಿನ ವೇಳೆಯಲ್ಲಿ ಆ ಒಗಟುಗಳ ಕಡೆಗೆ ಮೊದಲಿನಷ್ಟು ಆಸಕ್ತಿ ತೋರಿಸಲಿಲ್ಲ. ಹತ್ತನೆಯ ತರಗತಿಯಲ್ಲಿ ಯಾರೂ ಹೇಳದೆ ಅಡುಗೆಮನೆಯ ನಿಂಬೆಹಣ್ಣು, ಅರಿಸಿನ, ಸೋಡಾಪುಡಿಗಳನ್ನೆಲ್ಲ ಬಟ್ಟಲುಗಳಲ್ಲಿ ಕಲಸಿ ಬಣ್ಣ ನೋಡುತ್ತಿದ್ದ ಹುಡುಗಿಗೆ ನಾನು ಲಂಚ ತೋರಿಸಿದಂತಾಯಿತು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹದಿನೆಂಟು ತುಂಬಿ ಲೈಸೆನ್ಸ್ ಬಂದ ಮೇಲೆ, ನಮ್ಮ ಕೈಲಾದರೆ ಸ್ಕೂಟರ್ ಬರುತ್ತದೆ; ಅಂಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ತೊಳಸುವುದು, ಅಂಗೈ ಬೆವರುವುದು, ಇವೆಲ್ಲ ದೇಹ ಕೆಲಸಕ್ಕೆ ಸಜ್ಜಾಗುವ ರೀತಿಯೂ ಹೌದು. ಯರ್ಕ್ಸ್ ಮತ್ತು ಡಾಡ್ಸನ್ ಎಂಬವರು 1908ರಲ್ಲಿಯೇ ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಕಂಡುಕೊಂಡದ್ದೇನೆಂದರೆ, ಸುಲಭದ ಪಾಠವನ್ನು ಜೋರಾದ ಆಘಾತದಲ್ಲೂ ಅವು ಬೇಗ ಕಲಿಯುತ್ತವೆ, ಕಷ್ಟದ ಪಾಠಕ್ಕೆ ಮಾತ್ರ ಮಧ್ಯಮ ಆಘಾತವೇ ಒಳ್ಳೆಯದು. ಪಾಪದ ಇಲಿಗಳು. ಇಲಿಗಳ ಲೆಕ್ಕವನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲಾಗದು, ಆದರೂ ನಿನ್ನ ಪಾಠಗಳು ಸುಲಭದವಲ್ಲ. ಅವುಗಳ ಮೇಲೆ ಇನ್ನಷ್ಟು ಭಯ ಹೇರಿದರೆ ಲಾಭವಾಗದು. ಎದೆ ಹೊಡೆದುಕೊಂಡಾಗ ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡು, ಹತ್ತು ಸಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಆ ಗಡಿಯಾರದ ಭಯ ಹೋಗಬೇಕಾದರೆ ಮನೆಯಲ್ಲೇ ಗಡಿಯಾರವಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಅದನ್ನು ಹಳತು ಮಾಡಬೇಕು. ಬೋರ್ಡ್ ಪರೀಕ್ಷೆಗಂತೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಹೆಚ್ಚು ಬಂದ ಅಂಕವೇ ನಿಲ್ಲುತ್ತದೆ. ನನ್ನ ಕಾಲದಲ್ಲಿ ಹೀಗಿದ್ದಿದ್ದರೆ ಆ ಹದಿನೈದು ದಿನದ ಸುಳ್ಳು ತಪ್ಪುತ್ತಿತ್ತೇನೋ; ಅಥವಾ ಪ್ರತಿ ಸಲವೂ ಸುಳ್ಳು ಹೇಳುತ್ತಿದ್ದೆನೋ.

ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಬರುವ ಪುಟಗಟ್ಟಲೆ ನಗುಮುಖಗಳನ್ನು ನೀನು ನೋಡುತ್ತೀಯೆ. ಆ ಜಾಹೀರಾತುಗಳ ಕರಡು ನನ್ನ ಮೇಜಿಗೇ ಬರುತ್ತದೆ, ಒಂದೇ ಮಗುವಿನ ಮುಖ ಎರಡು ಸಂಸ್ಥೆಗಳ ಜಾಹೀರಾತಿನಲ್ಲಿ ನಗುವುದನ್ನೂ ಕಂಡಿದ್ದೇನೆ. ನಿನ್ನ ವಾಟ್ಸ್‌ಆ್ಯಪ್ ಗುಂಪಿನ ರ‍್ಯಾಂಕ್ ಪಟ್ಟಿಯೂ ಅದೇ ಜಾತಿಯದು. ರಾತ್ರಿ ಹತ್ತೂವರೆಗೆ ಮೊಬೈಲು ಅಡುಗೆಮನೆಯ ಮಿಕ್ಸಿಯ ಪಕ್ಕ ಮಲಗಲಿ, ಹನ್ನೊಂದಕ್ಕೆ ನೀನು ಮಲಗು. ಓದಿದ್ದು ನೆನಪಿನಲ್ಲಿ ನೆಲೆಯೂರುವ ಕೆಲಸ ಬಹಳಷ್ಟು ನಡೆಯುವುದು ನಿದ್ದೆಯಲ್ಲಿಯೇ. ನಿದ್ದೆಗೆಟ್ಟು ಬದುಕುವವನೊಬ್ಬ ಈ ಮನೆಯಲ್ಲಿ ಆಗಲೇ ಇದ್ದಾನೆ, ಅವನಿಗಾದರೂ ಸಂಬಳ ಬರುತ್ತದೆ.

ಇಷ್ಟೆಲ್ಲ ಮಾಡಿಯೂ ಊಟ ಸೇರದೆ, ನಿದ್ದೆ ಬಾರದೆ, ಅಳು ನಿಲ್ಲದೆ ದಿನಗಳು ಹೋದರೆ, ಅದು ನಿನ್ನ ಶಿಸ್ತಿನ ಕೊರತೆಯೆಂದು ತಿಳಿಯಬೇಡ, ನನ್ನನ್ನು ಎಬ್ಬಿಸು. ನನಗೆ ಹೇಳಲಾಗದಿದ್ದರೆ 14416ಕ್ಕೆ ಕರೆ ಮಾಡು. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ; ದಿನದ 24 ಗಂಟೆಯೂ ಕನ್ನಡದಲ್ಲಿಯೇ ಮಾತಾಡಬಹುದು, ಅದರ ಹಿಂದೆ ಇರುವುದು ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್. ಈ ಊರಿನಲ್ಲಿ ನಿಮ್ಹಾನ್ಸ್ ಹೆಸರನ್ನು ಬೈಗುಳದಂತೆ ಬಳಸುವವರಿದ್ದಾರೆ, ನಾನೂ ತಮಾಷೆಗೆ ಬಳಸಿದ್ದುಂಟು. ಇನ್ನು ಬಳಸುವುದಿಲ್ಲ.

ಹಳೆಯ ಅಲಾರಂ ಗಡಿಯಾರಕ್ಕೆ ಸೆಲ್ ಹಾಕಿ ನಿನ್ನ ಮೇಜಿನ ಮೇಲಿಟ್ಟಿದ್ದೇನೆ, ಬೆಳಿಗ್ಗೆ ಏಳಲು ಮೊಬೈಲ್ ಬೇಕೆಂಬ ನೆಪ ಮುಗಿಯಲಿ. ನಾಳೆ ಭಾನುವಾರ ಹತ್ತು ಗಂಟೆಗೆ ದ್ರಾವಣಗಳ ಪಾಠವನ್ನು ಪುಸ್ತಕ ನೋಡದೆ ಒಂದು ಹಾಳೆಯಲ್ಲಿ ಬರೆದು ನನಗೆ ಕೊಡು. ನನಗೆ ರಸಾಯನಶಾಸ್ತ್ರ ಬರುವುದಿಲ್ಲ, ಆದರೆ ಮೂಲಪ್ರತಿ ಪಕ್ಕದಲ್ಲಿಟ್ಟುಕೊಂಡು ಬಿಟ್ಟುಹೋದದ್ದನ್ನು ಗುರುತಿಸುವುದು ನನ್ನ ಕಸುಬು. ಕೆಂಪು ಪೆನ್ನು ನಾನೇ ತರುತ್ತೇನೆ.

ಇತಿ ನಿನ್ನ,
ಅಪ್ಪ