ಮಳೆಗಾಲದ ತುರಿಕೆಗೆಲ್ಲ ಒಂದೇ ಮುಲಾಮು ಬೇಡ

ಮಾನ್ಯ ಸಂಪಾದಕರೇ,

ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ಕೊಡಗಿನ ಔಷಧಿ ಅಂಗಡಿಗಳಲ್ಲಿ ಜ್ವರದ ಮಾತ್ರೆಯಷ್ಟೇ ಬಿರುಸಾಗಿ ಖರ್ಚಾಗುವುದು ಚರ್ಮಕ್ಕೆ ಹಚ್ಚುವ ಟ್ಯೂಬುಗಳು. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಚಿಗುರು ತೆಗೆಯುವ ಕೆಲಸ, ದಿನವಿಡೀ ಕಾಲಲ್ಲಿ ಗಂಬೂಟು, ಒಲೆಯ ಮೇಲಿನ ಹಗ್ಗದಲ್ಲಿ ಹೊಗೆಗೆ ಅರೆಬರೆ ಒಣಗಿದ ಬಟ್ಟೆ, ಇವಿಷ್ಟು ಸೇರಿದರೆ ತೊಡೆಸಂದಿ, ಕಂಕುಳು, ಕಾಲ್ಬೆರಳ ಸಂದುಗಳಲ್ಲಿ ತುರಿಕೆ ಏಳುವುದು ಸಹಜವೇ. ಆದರೆ ಹಾಗೆ ಎದ್ದ ಎಲ್ಲ ತುರಿಕೆಗೂ ‘ಅಲರ್ಜಿ’ ಎಂದು ಹೆಸರಿಟ್ಟು, ಯಾರನ್ನೂ ಕೇಳದೆ ಒಂದೇ ಬಗೆಯ ಮುಲಾಮು ಬಳಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಸರ್ಕಾರಿ ಆಸ್ಪತ್ರೆಗಳ ಔಷಧಿ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನಾಗಿ ಈ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ.

ಈ ತುರಿಕೆಗಳಲ್ಲಿ ಹೆಚ್ಚಿನ ಪಾಲು ಹುಳುಕಡ್ಡಿಯದು. ಹೆಸರಿನಲ್ಲಿ ಹುಳುವಿದ್ದರೂ ಇದಕ್ಕೆ ಕಾರಣ ಶಿಲೀಂಧ್ರ. ಹೊರಚರ್ಮದ ತೀರ ಮೇಲಿನ ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದಕ್ಕೆ ಆಹಾರ. ನಡುವೆ ತಿಳಿಯಾಗಿ, ಅಂಚು ಮಾತ್ರ ಕೆಂಪಗೆ ಉಬ್ಬಿ ಹೊಟ್ಟು ಏಳುತ್ತಿರುವ ಉಂಗುರ ಕಂಡರೆ ಬಹುಮಟ್ಟಿಗೆ ಅದು ಹುಳುಕಡ್ಡಿಯೇ. ವೈದ್ಯರ ಚೀಟಿಯಲ್ಲಿ ಇದು ‘ಟೀನಿಯಾ’ ಆಗುತ್ತದೆ. ಅದರ ಪಕ್ಕದಲ್ಲಿ ಬರೆಯುವುದು ಜಾಗದ ಹೆಸರು. ಕಾರ್ಪೊರಿಸ್ ಎಂದರೆ ಮೈ, ಕ್ರೂರಿಸ್ ಎಂದರೆ ತೊಡೆಸಂದಿ, ಪೀಡಿಸ್ ಎಂದರೆ ಪಾದ. ಇದು ತಿಳಿಯದೆ, ಬೇರೆ ಬೇರೆ ಸಲದ ಮೂರು ಚೀಟಿ ಹಿಡಿದು ತನಗೆ ಮೂರು ಕಾಯಿಲೆ ಇವೆಯೆಂದು ಕಂಗಾಲಾಗಿ ಬಂದವರನ್ನು ನಾನು ಕಂಡಿದ್ದೇನೆ. ಅವರ ಪಾದದ ಸಂದಿನಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಬ್ಬಿದ್ದು ಒಂದೇ ಶಿಲೀಂಧ್ರ.

ಹುಳುಕಡ್ಡಿಗೆ ಕ್ಲೋಟ್ರಿಮಜೋಲ್‌ನಂಥ ಶಿಲೀಂಧ್ರನಾಶಕವನ್ನು ಎರಡರಿಂದ ನಾಲ್ಕು ವಾರ, ಕಲೆ ಮಾಸಿದ ಮೇಲೂ ಕೆಲವು ದಿನ, ಬಿಡದೆ ಹಚ್ಚಬೇಕು. ಹೆಚ್ಚು ಹಬ್ಬಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಅಂಗಡಿಯಲ್ಲಿ ಬಾಯಿಮಾತಿಗೆ ಸಿಗುವ ಎಷ್ಟೋ ಟ್ಯೂಬುಗಳಲ್ಲಿ ಇದರ ಜೊತೆಗೆ ಕ್ಲೋಬೆಟಸಾಲ್, ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ‘ಒಳ್ಳೆ ಮದ್ದು’ ಎಂದು ಪಕ್ಕದ ಮನೆಗೂ ಸುದ್ದಿ ಹೋಗುತ್ತದೆ. ಸ್ಟೀರಾಯ್ಡ್ ಅಡಗಿಸಿದ್ದು ಶಿಲೀಂಧ್ರದ ವಿರುದ್ಧ ಚರ್ಮ ತೋರುತ್ತಿದ್ದ ಉರಿಯೂತವನ್ನಷ್ಟೇ. ತಡೆಯಿಲ್ಲದ ಶಿಲೀಂಧ್ರ ಒಳಗೊಳಗೇ ಹರಡುತ್ತದೆ. ಹಚ್ಚುವುದನ್ನು ನಿಲ್ಲಿಸಿದೊಡನೆ ಮೊದಲಿಗಿಂತ ಅಗಲವಾಗಿ, ಉಂಗುರದ ಗುರುತೂ ಸಿಗದ ರೂಪದಲ್ಲಿ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ, ಬಾಣಂತಿಯ ಹೊಟ್ಟೆಯಲ್ಲಿ ಕಾಣುವಂಥ ಬರೆಗಳು ಮೂಡುತ್ತವೆ. ಅವು ಪೂರ್ತಿ ಮಾಯುವುದಿಲ್ಲ. ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಹಲವನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿದೆ. ಪಾಲನೆ ಹೇಗಿದೆಯೆಂಬುದನ್ನು ಯಾವುದೇ ಸಂತೆಯ ದಿನ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತವರು ಹೇಳಬಲ್ಲರು.

ಸ್ಟೀರಾಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚೀಟಿಯಲ್ಲಿ ‘ಎಕ್ಸಿಮಾ’ ಎಂದಾಗುವ ಇಸುಬಿಗೆ ವೈದ್ಯರೇ ಅದನ್ನು ಬರೆಯುತ್ತಾರೆ, ಅಲ್ಲಿ ಅದು ಸರಿಯಾದ ಮದ್ದು. ಇಸುಬು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಹುಳುಕಡ್ಡಿ ಅಂಟುತ್ತದೆ. ಎರಡನ್ನೂ ಅಲರ್ಜಿಯೆಂದು ಕರೆದಾಗ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಕಜ್ಜಿಯ ಕಥೆ ಇನ್ನೊಂದು. ಚೀಟಿಯಲ್ಲಿ ಇದು ‘ಸ್ಕೇಬೀಸ್’. ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಸಣ್ಣ ನುಸಿಯೊಂದು ಚರ್ಮದ ಮೇಲ್ಪದರದಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ಗುಳ್ಳೆಗಳು, ರಾತ್ರಿ ಮಲಗಿದ ಮೇಲೆ ನಿದ್ದೆಗೆಡಿಸುವ ತುರಿಕೆ ಇದರ ಗುರುತು. ಮೊದಲ ಸಲ ತಗಲಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುವುದರಿಂದ, ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಪರ್ಮೆಥ್ರಿನ್ ಎಂಬ ನುಸಿನಾಶಕ ಮುಲಾಮು ಹಚ್ಚಿ, ವಾರದ ನಂತರ ಮತ್ತೊಮ್ಮೆ ಹಚ್ಚಬೇಕು. ತೋಟದ ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಒಂದೇ ಕೋಣೆಯ ಲೈನ್‌ಮನೆಯಲ್ಲಿ ಆರು ಜನರಿದ್ದು, ಒಬ್ಬನಿಗೆ ಮಾತ್ರ ಒಂದು ಟ್ಯೂಬ್ ಕೊಟ್ಟರೆ ಪ್ರಯೋಜನವಿಲ್ಲ. ಹಾಸಿಗೆ ಬಟ್ಟೆಯನ್ನು ಬಿಸಿಲಿಗೆ ಹಾಕಿರೆಂಬ ಸಲಹೆ ಜುಲೈ ತಿಂಗಳ ಭಾಗಮಂಡಲದಲ್ಲಿ ನಗೆ ತರಿಸುತ್ತದೆ. ಅದರ ಬದಲು ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೂ ಸಾಕು, ಮನುಷ್ಯನ ಮೈ ಸಿಗದ ನುಸಿ ಎರಡು ಮೂರು ದಿನಗಳಲ್ಲಿ ಸಾಯುತ್ತದೆ.

ಬಿಳಿ ಮಚ್ಚೆಯ ವಿಷಯದಲ್ಲಿ ಮುಲಾಮಿಗಿಂತ ಭಯವೇ ಹೆಚ್ಚು ಕೆಡಿಸುತ್ತದೆ. ಬೆನ್ನು, ಎದೆಯ ಮೇಲಿನ ಸಿಬ್ಬು ಇನ್ನೊಂದು ಶಿಲೀಂಧ್ರದ್ದು, ಸುಲಭವಾಗಿ ಗುಣವಾಗುತ್ತದೆ. ತೊನ್ನು ಬಣ್ಣ ಕೊಡುವ ಜೀವಕೋಶಗಳು ನಾಶವಾಗಿ ಬರುವಂಥದು, ಯಾರಿಗೂ ಅಂಟದು. ಮುಟ್ಟಿದರೆ ಗೊತ್ತಾಗದ, ಸ್ಪರ್ಶಜ್ಞಾನ ಕಳೆದುಕೊಂಡ ತಿಳಿಬಣ್ಣದ ಅಥವಾ ಕೆಂಪು ಛಾಯೆಯ ಮಚ್ಚೆ ಮಾತ್ರ ಕುಷ್ಠದ್ದಿರಬಹುದು; ಅದಕ್ಕೂ ಆರು ಅಥವಾ ಹನ್ನೆರಡು ತಿಂಗಳ ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿದೆ. ಮೂರನ್ನೂ ಒಂದೇ ಎಂದುಕೊಂಡು ಮುಚ್ಚಿಡುವವರು ಇಂದಿಗೂ ಇದ್ದಾರೆ. ಹಾಗೆಯೇ ಸರ್ಪಸುತ್ತಿಗೆ ಕೆಮ್ಮಣ್ಣು ಬಳಿದು ಕೂರುವವರು, ವೈರಸ್ ವಿರುದ್ಧದ ಮಾತ್ರೆ ಗುಳ್ಳೆ ಎದ್ದ ಮೂರು ದಿನದೊಳಗೆ ಶುರುವಾದರೆ ಹೆಚ್ಚು ಫಲಕಾರಿ ಎಂಬುದನ್ನು ಗಮನಿಸಬೇಕು.

ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಹೊರರೋಗಿಗಳ ಚೀಟಿಯಲ್ಲಿ ವೈದ್ಯರು ಬರೆಯುವ ಹೆಸರಿನ ಕೆಳಗೆ ಕಾಯಿಲೆಯ ಕನ್ನಡ ಹೆಸರು, ಅಂಟುವುದೋ ಇಲ್ಲವೋ, ಔಷಧಿ ಎಷ್ಟು ದಿನ, ಮನೆಯವರಿಗೂ ಬೇಕೇ ಎಂಬ ನಾಲ್ಕು ಸಾಲಿನ ಮೊಹರು ಹಾಕಿಸಲಿ. ಔಷಧ ನಿಯಂತ್ರಣಾಧಿಕಾರಿಗಳು ಮುಂಗಾರಿನ ತಿಂಗಳುಗಳಲ್ಲಾದರೂ ಸ್ಟೀರಾಯ್ಡ್ ಮುಲಾಮುಗಳ ಮಾರಾಟವನ್ನು ತಪಾಸಣೆ ಮಾಡಲಿ. ಈಗ ತೋಟಗಳಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರೂ ಬಹಳಷ್ಟಿರುವುದರಿಂದ, ಇದೇ ನಾಲ್ಕು ಸಾಲನ್ನು ಅವರು ಓದಬಲ್ಲ ಭಾಷೆಯಲ್ಲೂ ಮುದ್ರಿಸಿ ಕೊಟ್ಟರೆ ಲೈನ್‌ಮನೆಯ ಗೋಡೆಗೆ ಅಂಟಿಸಲು ಬೆಳೆಗಾರರು ಬೇಡವೆನ್ನಲಾರರು.

ಇತಿ,
ನಿವೃತ್ತ ಫಾರ್ಮಾಸಿಸ್ಟ್,
ಪೊನ್ನಂಪೇಟೆ, ಕೊಡಗು ಜಿಲ್ಲೆ